ಹೇಂಟೆಯ ಕೊಕ್ಕು

ಹುಣಸೂರು ತಾಲ್ಲೂಕಿನ ಗಾವಡಗೆರೆಯ ಸುತ್ತಣ ಹಳ್ಳಿಗಳಲ್ಲಿ, ಹೊಗೆಸೊಪ್ಪು ಬೇಯಿಸುವ ಬ್ಯಾರನ್ನುಗಳ ಮಗ್ಗುಲ ತಿಪ್ಪೆಯ ಮೇಲೆ, ಪಿಳ್ಳೆಗಳ ಹಿಂಡನ್ನು ಕಟ್ಟಿಕೊಂಡು ಕೆದಕುತ್ತಿರುವ ನಾಟಿ ಹೇಂಟೆಯನ್ನು ಕಂಡಾಗಲೆಲ್ಲ ನನಗೆ ಬಸವಣ್ಣನವರ ನೆನಪಾಗುತ್ತದೆ. ಸಿಕ್ಕಿದ ಕಾಳನ್ನು ತಾನೊಂದೇ ನುಂಗದೆ ಬಳಗವನ್ನು ಕೂಗುವ ಗುಣವನ್ನು ಕಾಗೆಯಲ್ಲಿಯೂ ಕೋಳಿಯಲ್ಲಿಯೂ ಗುರುತಿಸಿ, ಅದನ್ನು ಹನ್ನೆರಡನೆಯ ಶತಮಾನದ ಭಕ್ತಸಮೂಹದ ಮುಂದೆ ಮೇಲ್ಪಂಕ್ತಿಯಾಗಿ ಇಟ್ಟವರು ಅವರು.

ಹೀಗೆ ಕರೆಯುವ ಕೊಕ್ಕೇ ನೆರೆಯ ಕೋಳಿಯ ಪುಕ್ಕವನ್ನು ಕಿತ್ತು ನುಂಗುವುದನ್ನು ಆ ಸೀಮೆಯದೇ ಒಂದು ಮನೆಯ ಹಿತ್ತಲಿನಲ್ಲಿ ಕಂಡೆನು. ಸಿಮೆಂಟಿನ ನೆಲ, ಸುತ್ತ ತಂತಿಯ ಬಲೆ, ಒಳಗೆ ಇಪ್ಪತ್ತರಷ್ಟು ಫಾರಂ ಕೋಳಿಗಳು. ಕಿತ್ತ ಹೇಂಟೆಯಲ್ಲಿ ಕೋಪದ ಚಿಹ್ನೆಯೇ ಇರಲಿಲ್ಲ; ಕತ್ತನ್ನು ಓರೆಮಾಡಿ, ನೆಲದ ಹುಳುವನ್ನು ನೋಡುವಂತೆಯೇ ಒಂದು ಕಣ್ಣಿನಿಂದ ದಿಟ್ಟಿಸಿ, ಬಾಲದ ಬುಡದ ಗರಿಯೊಂದನ್ನು ಹಿಡಿದು ಜಗ್ಗಿತು. ಗರಿ ಬಂದ ಕಡೆ ಸಾಸಿವೆಯಷ್ಟು ರಕ್ತ ಮೂಡಿತು. ಆ ಕೆಂಪನ್ನು ಕಂಡು ಇನ್ನೆರಡು ಬಂದವು. ಬೋಳಾದ ಬೆನ್ನಿನ ಕೋಳಿ ಮೂಲೆಗೆ ಮುಖವಿಟ್ಟು ನಿಂತಿತು. ಮನೆಯ ಅಜ್ಜಿ ನಿಟ್ಟುಸಿರಿಟ್ಟು, “ಕೆದಕಾಕೆ ಮಣ್ಣಿಲ್ದಿದ್ರೆ ಇನ್ನೇನ್ ಮಾಡಾವು ಕನಪ್ಪ, ಪಕ್ಕದ್ದರ ಮೈಯನ್ನೇ ಕೆದಕ್ತವೆ” ಎಂದರು.

ಪ್ರಾಣಿಶಾಸ್ತ್ರಜ್ಞರಲ್ಲಿ ಹೆಚ್ಚಿನವರು ಹೇಳುವುದೂ ಇದನ್ನೇ. ಕಾಡುಕೋಳಿಯು ಹಗಲಿನ ಬಹುಭಾಗವನ್ನು ನೆಲ ಕೆದಕಿ ಕುಕ್ಕುವುದರಲ್ಲಿಯೇ ಕಳೆಯತಕ್ಕ ಪ್ರಾಣಿ. ಅದರ ಸಂತತಿಗೆ ಕೆದಕಲು ನೆಲ ದೊರೆಯದಿದ್ದರೆ ಆ ಪ್ರವೃತ್ತಿ ಅಳಿಯದೆ, ಎದುರಿಗಿರುವ ಗರಿಯ ಕಡೆಗೆ ಹೊರಳುತ್ತದೆ. ನಾರ್ವೆಯ ಶೆಲ್ಡೆರಪ್-ಎಬ್ಬೆ 1920ರ ದಶಕದಲ್ಲಿ ವರ್ಣಿಸಿದ, ಮೇಲುಕೀಳಿನ ಸಲುವಾಗಿ ತಲೆಗೆ ಕುಕ್ಕುವ ಜಗಳ ಬೇರೆ; ಇದು ಬೇರೆ. ಆಹಾರದಲ್ಲಿ ಪ್ರೋಟೀನಿನ ಕೊರತೆ, ಇಕ್ಕಟ್ಟು, ಪ್ರಖರವಾದ ಬೆಳಕು ಇವೆಲ್ಲ ಇದನ್ನು ಉಲ್ಬಣಗೊಳಿಸುತ್ತವೆ. ಒಮ್ಮೆ ಬೇರೂರಿದ ಚಾಳಿಯು ಬಯಲಿಗೆ ಬಿಟ್ಟ ಮಾತ್ರಕ್ಕೆ ಹೋಗುವುದೂ ಇಲ್ಲ. ಇದಕ್ಕೆ ಉದ್ಯಮವು ಕಂಡುಕೊಂಡ ಪರಿಹಾರವೋ, ಮರಿಯಾಗಿರುವಾಗಲೇ ಕಾದ ಅಲಗಿನಿಂದ ಕೊಕ್ಕಿನ ತುದಿಯನ್ನು ಕತ್ತರಿಸುವುದು. ಆ ತುದಿ ನಮ್ಮ ಉಗುರಿನಂತೆ ಜಡವಲ್ಲ, ನರಗಳಿಂದ ತುಂಬಿದ ಸ್ಪರ್ಶೇಂದ್ರಿಯ. ಇಕ್ಕಟ್ಟಿನ ಮಾತಿಗೆ ಬಂದರೆ, ಬರೆಯುವ ಕಾಗದದ ಹಾಳೆಯಷ್ಟೂ ಜಾಗವಿಲ್ಲದ ತಂತಿಯ ಪಂಜರದಲ್ಲಿ ಮೊಟ್ಟೆಕೋಳಿಗಳನ್ನು ಇಡುವ ಪದ್ಧತಿಯನ್ನು 2017ರಲ್ಲಿ ಭಾರತದ ಕಾನೂನು ಆಯೋಗವೂ ತನ್ನ 269ನೆಯ ವರದಿಯಲ್ಲಿ ವಿಚಾರಕ್ಕೆ ಎತ್ತಿಕೊಂಡಿತು.

ಹಾಗಾದರೆ ಈ ಹಿಂಸೆಯ ಕರ್ತೃವು ಯಾರು? 1209ರಲ್ಲಿ ಜನ್ನನು ರಚಿಸಿದ ‘ಯಶೋಧರ ಚರಿತೆ’ಯಲ್ಲಿ ರಾಜನು ತಾಯಿಯ ಮಾತಿಗೆ ಮಣಿದು ಬಲಿಯಾಗಿ ಕಡಿದುದು ಹಿಟ್ಟಿನ ಕೋಳಿಯನ್ನು; ಪ್ರಾಣಹರಣವಾಗದಿದ್ದರೂ ಸಂಕಲ್ಪಹಿಂಸೆಯ ಫಲದಿಂದ ತಾಯಿಮಕ್ಕಳು ಜನ್ಮಜನ್ಮಾಂತರಗಳಲ್ಲಿ ತೊಳಲಬೇಕಾಯಿತು. ಅಲ್ಲಿ ನೋವಿಲ್ಲ, ಸಂಕಲ್ಪವಿದೆ. ಇಲ್ಲಿಯಾದರೆ ರಕ್ತ ಕಣ್ಣೆದುರಿಗಿದೆ, ಸಂಕಲ್ಪವನ್ನು ಎಲ್ಲಿ ಹುಡುಕಿದರೂ ಕಾಣದು. ಹೇಂಟೆ ಬಯಸಿದುದು ನೆಲವನ್ನು, ಸಾಕಿದವನು ಬಯಸಿದುದು ಜೀವನೋಪಾಯವನ್ನು, ಕೊಂಡು ತಿಂದ ನಾನು ಬಯಸಿದುದು ಒಂದು ಮೊಟ್ಟೆಯನ್ನು. ಎಲ್ಲರೂ ನಿರ್ದೋಷಿಗಳೆಂದು ಇಲ್ಲಿಗೇ ಕೈತೊಳೆದುಕೊಳ್ಳಲು ನನ್ನ ಮನಸ್ಸು ಒಪ್ಪದು. ಉಮಾಸ್ವಾತಿಯ ‘ತತ್ತ್ವಾರ್ಥಸೂತ್ರ’ವು ಪ್ರಮಾದವನ್ನು, ಎಂದರೆ ಎಚ್ಚರದಪ್ಪಿದ ಬಾಳನ್ನು, ಹಿಂಸೆಯ ಲಕ್ಷಣದೊಳಗೇ ಸೇರಿಸಿದೆ. ಪ್ರಮಾದವು ಹೇಂಟೆಗೆ ಸಲ್ಲುವ ಮಾತಲ್ಲ. ಪಶುಪಕ್ಷಿಗಳದು ಭೋಗಯೋನಿ, ಎಂದರೆ ಹಿಂದಿನ ಕರ್ಮದ ಫಲವನ್ನು ಉಣ್ಣುವುದಕ್ಕಷ್ಟೇ ಇರುವ ಜನ್ಮ, ಎಂದು ನಮ್ಮ ಹಿರಿಯರು ಬಗೆದದ್ದೂ ಈ ಅರ್ಥದಲ್ಲಿಯೇ ಇದ್ದೀತು. ನೆಲವನ್ನು ಕಸಿದುಕೊಂಡವರು, ಕಸಿದುದನ್ನು ಮರೆತು, ಕೊಕ್ಕಿನಲ್ಲಿ ಪಾಪವನ್ನು ಕಂಡು ಅದನ್ನು ಕತ್ತರಿಸಹೊರಟರೆ, ಆ ಮರೆವಿಗೆ ಪ್ರಮಾದವೆಂಬುದಲ್ಲದೆ ಬೇರೆ ಹೆಸರು ನನಗೆ ತೋರದು.

ಮರುದಿನ ಅಜ್ಜಿ ಒಂದು ಮಂಕರಿ ರಾಗಿಹುಲ್ಲಿನ ಹೊಟ್ಟನ್ನು ಶೆಡ್ಡಿನೊಳಗೆ ಸುರಿದು ಕಾಳು ಬೆರೆಸಿದರು. ಕೋಳಿಗಳೆಲ್ಲ ಮುತ್ತಿ ಕೆದಕತೊಡಗಿದವು. ಬೋಳುಬೆನ್ನಿನದು ಮಾತ್ರ ಬಹಳ ಹೊತ್ತಿನವರೆಗೆ ಮೂಲೆಯನ್ನು ಬಿಟ್ಟು ಬರಲಿಲ್ಲ.