ಕೌದಿಯ ಹೊಟ್ಟೆ: ಅರ್ಧಕ್ಕೆ ನಿಂತ ಕೆಲಸ ಮತ್ತು ಮುಗಿಸುವ ಧರ್ಮ

ಹಳೆಯ ಸೀರೆ, ಪಂಚೆ, ರವಿಕೆ, ಮಕ್ಕಳ ಅಂಗಿಗಳನ್ನು ಹರಿದು, ಪದರದ ಮೇಲೆ ಪದರ ಹರಡಿ, ಕೈಸೂಜಿಯಲ್ಲಿ ಸಾಲಾಗಿ ಹೊಲಿದ ಹೊದಿಕೆಗೆ ಕನ್ನಡದಲ್ಲಿ ಕೌದಿ ಎಂಬ ಹೆಸರಿದೆ. ಧಾರವಾಡ, ಬೆಳಗಾವಿ, ವಿಜಯಪುರ, ಗದಗ ಸೀಮೆಗಳಲ್ಲಿ ಇದು ಮನೆಮನೆಯ ವಸ್ತು. ಹಾಸಲೂ ಹೊದೆಯಲೂ ಕೂಸನ್ನು ಸುತ್ತಿ ಮಲಗಿಸಲೂ ಅದೇ ಬೇಕು. ಕೌದಿ ಶುರುವಾಗುವುದು ಉತ್ಸಾಹದಲ್ಲಿ, ಮುಗಿಯುವುದು ಹಟದಲ್ಲಿ. ನಡುವೆ ಹೊಲದ ಕೆಲಸ ಬರುತ್ತದೆ, ಬಾಣಂತನ ಬರುತ್ತದೆ, ಕಾಯಿಲೆ ಬರುತ್ತದೆ. ಸೂಜಿ ಚುಚ್ಚಿದ್ದ ಹಾಗೆಯೇ ಮಡಚಿದ ಬಟ್ಟೆ ಟ್ರಂಕಿನ ತಳ ಸೇರುತ್ತದೆ. ಹೀಗೆ ಅರ್ಧಕ್ಕೆ ನಿಂತ ಕೌದಿ ಒಂದು ಪ್ರಶ್ನೆಯನ್ನು ಮುಂದಿಡುತ್ತದೆ: ಕೈಗೆತ್ತಿಕೊಂಡದ್ದನ್ನು ಮುಗಿಸುವುದು ಧರ್ಮವೇ, ಅಥವಾ ಬರೀ ಮನೆವಾರ್ತೆಯ ಅಚ್ಚುಕಟ್ಟುತನವೇ? ಧರ್ಮವಾದರೆ ಅದು ಯಾರಿಗೆ ಸಲ್ಲಬೇಕಾದದ್ದು?

ಕೌದಿ ನಿಂತುಹೋಗಲು ಕಾರಣ ಬರೀ ಸೋಮಾರಿತನವಲ್ಲ. ನಾಲ್ಕಾರು ಪದರದ ಬಟ್ಟೆಯಲ್ಲಿ ಸೂಜಿ ಸಲೀಸಾಗಿ ಇಳಿಯುವುದಿಲ್ಲ, ಬೆರಳು ನೋಯುತ್ತದೆ. ಆಳೆತ್ತರದ ಹೊದಿಕೆಯನ್ನು ಒಬ್ಬರೇ ಎಳೆದಾಡುತ್ತ ಹೊಲಿದರೆ ಕೆಳಗಿನ ಪದರ ಸುಕ್ಕಾಗುತ್ತದೆ, ಸಾಲು ಸೊಟ್ಟಗಾಗುತ್ತದೆ. ಆದ್ದರಿಂದಲೇ ಕೌದಿ ಮೊದಲಿನಿಂದಲೂ ಕೂಡಿ ಮಾಡುವ ಕೆಲಸ. ಬೇಸಿಗೆಯಲ್ಲಿ ಬೇಸಾಯಕ್ಕೆ ಬಿಡುವು ಸಿಕ್ಕಾಗ ಪಡಸಾಲೆಯಲ್ಲೋ ಮರದ ನೆರಳಲ್ಲೋ ಬಟ್ಟೆ ಹಾಸಿ, ನೆರೆಯ ಹೆಂಗಸರು ಅಂಚಿನ ಸುತ್ತ ಕೂರುತ್ತಾರೆ. ಒಬ್ಬೊಬ್ಬರು ಒಂದೊಂದು ಕಡೆಯಿಂದ ಹೊಲಿಗೆ ಹಾಕುತ್ತ ಬಂದರೆ ಬಟ್ಟೆ ಜಗ್ಗುವುದಿಲ್ಲ, ಪದರ ಸರಿಯುವುದಿಲ್ಲ. ಇಂದು ಈ ಮನೆಯದು, ನಾಳೆ ಆ ಮನೆಯದು. ಇದು ಮುಯ್ಯಾಳಿನ ಲೆಕ್ಕ. ಗದ್ದೆ ನಾಟಿಗೆ ಆಳಿಗೆ ಆಳು ಕೊಟ್ಟ ಹಾಗೆ ಇಲ್ಲಿ ಸೂಜಿಗೆ ಸೂಜಿ.

ಮಲೆನಾಡಿನಲ್ಲಿ ಬಿಡುವಿನ ಲೆಕ್ಕ ಬೇರೆ. ಸಕಲೇಶಪುರ ತಾಲ್ಲೂಕಿನ ಹೆತ್ತೂರು ಹೋಬಳಿಯ ಹೊಂಗಡಹಳ್ಳದಂಥ ಊರುಗಳು ಬಿಸಿಲೆ ಕಾಡಿನ ಆಸುಪಾಸಿನಲ್ಲಿವೆ. ಕಾಫಿ, ಏಲಕ್ಕಿ, ಭತ್ತ ಇಲ್ಲಿನ ಬದುಕು. ಮಳೆಗೂ ಚಳಿಗೂ ಮೊದಲು ನೆನಪಾಗುವುದು ಕಂಬಳಿ. ಅರಾಬಿಕಾ ಹಣ್ಣು ಕೊಯ್ಲು ನವೆಂಬರಿನಲ್ಲಿ ಶುರುವಾದರೆ ರೊಬಸ್ಟಾ ಮುಗಿಯುವ ಹೊತ್ತಿಗೆ ಮಾರ್ಚ್ ಬಂದಿರುತ್ತದೆ. ಬಯಲುಸೀಮೆಗೆ ಬಿಡುವಾದ ಬೇಸಿಗೆಯಲ್ಲಿ ಇಲ್ಲಿ ಹೂಮಳೆಯ ನಿರೀಕ್ಷೆ, ತೋಟದ ಕೆಲಸ. ಕೂತು ಹೊಲಿಯಲು ಹೊತ್ತು ಸಿಗುವುದು ಜೂನ್‌ನಿಂದ ಆಚೆ, ಮಳೆ ಹಿಡಿದು ಹೊರಗೆ ಕಾಲಿಡಲಾಗದ ತಿಂಗಳುಗಳಲ್ಲಿ. ಆದರೆ ಅದೇ ಮಳೆ ಅರೆಬರೆ ಕೆಲಸಕ್ಕೆ ಶತ್ರು. ತಂಡಿ ಹಿಡಿದ ಗೋಡೆಯ ಬದಿಯಲ್ಲಿ ಮಡಚಿಟ್ಟ ಹತ್ತಿಬಟ್ಟೆಗೆ ಬೂಷ್ಟು ಬರುತ್ತದೆ, ಇಲಿ ಬಾಯಿ ಹಾಕುತ್ತದೆ, ದಾರ ಲಡ್ಡಾಗುತ್ತದೆ. ಹೊದ್ದುಕೊಳ್ಳುವ ಕೌದಿ ಆಗಾಗ ಬಿಸಿಲು, ಒಲೆಯ ಬಿಸಿ ಕಂಡು ಉಳಿಯುತ್ತದೆ. ಅರ್ಧಕ್ಕೆ ಬಿಟ್ಟದ್ದನ್ನು ಯಾರೂ ಒಣಗಿಸುವುದಿಲ್ಲ. ಹಾಗಾಗಿ ಇಲ್ಲಿ ‘ಇನ್ನೊಂದು ವರ್ಷ ನೋಡೋಣ’ ಎಂಬ ಮಾತು ಬಟ್ಟೆಯನ್ನೇ ಕಳೆಯುತ್ತದೆ.

ಮುಗಿಸುವ ಕಟ್ಟಳೆಯನ್ನು ತರ್ಕದ ಒರೆಗೆ ಹಚ್ಚಿ ನೋಡಿದವರು ಮೀಮಾಂಸಕರು. ಜೈಮಿನಿಯ ಮೀಮಾಂಸಾ ಸೂತ್ರದ ಆರನೆಯ ಅಧ್ಯಾಯದಲ್ಲಿ ಈ ಚರ್ಚೆ ಬರುತ್ತದೆ. ಫಲ ಬಯಸಿ ಒಂದು ಕಾಮ್ಯಕರ್ಮವನ್ನು ಆರಂಭಿಸಿದವನಿಗೆ ನಡುವೆಯೇ ಬಯಸಿದ್ದು ಸಿಕ್ಕಿತು, ಇಲ್ಲವೆ ಬಯಕೆಯೇ ಆರಿತು ಎನ್ನೋಣ. ಅವನು ಕರ್ಮವನ್ನು ಅಲ್ಲಿಗೇ ನಿಲ್ಲಿಸಬಹುದೆ? ಕೂಡದು ಎಂಬುದು ಸಿದ್ಧಾಂತ. ಆರಂಭಿಸಿದ್ದೇ ಮುಗಿಸಲು ಕಾರಣ. ಆರಂಭ ಒಂದು ಮಾತು ಕೊಟ್ಟಂತೆ. ಬಯಕೆ ತೀರಿದರೂ ಕೊಟ್ಟ ಮಾತು ತೀರುವುದಿಲ್ಲ. ಆದರೆ ಇದರ ಬೆನ್ನಿಗೇ ಇನ್ನೊಂದು ತೀರ್ಮಾನವಿದೆ. ಈ ಕಟ್ಟು ವೇದವಿಹಿತ ಕರ್ಮಕ್ಕೆ ಮಾತ್ರ. ಲೋಕದ ಕೆಲಸಗಳಿಗೆ ಅಂಥ ನಿಯಮವಿಲ್ಲ. ಇದರಂತೆ ನೋಡಿದರೆ ಟ್ರಂಕಿನ ಕೌದಿ ಯಾವ ಶಾಸ್ತ್ರವನ್ನೂ ಮುರಿಯುವುದಿಲ್ಲ. ಹೊಲಿಯುವವಳಿಗೆ ಮನಸ್ಸಿದ್ದರೆ ಮುಗಿಸಿಯಾಳು, ಇಲ್ಲವಾದರೆ ಬಿಟ್ಟಾಳು.

ನೀತಿಗ್ರಂಥಗಳು ಇಷ್ಟು ಸಡಿಲ ಬಿಡುವುದಿಲ್ಲ. ಭರ್ತೃಹರಿಯ ನೀತಿಶತಕ ಜನರನ್ನು ಮೂರಾಗಿ ವಿಂಗಡಿಸುತ್ತದೆ. ವಿಘ್ನಕ್ಕೆ ಹೆದರಿ ಶುರುವೇ ಮಾಡದವರು ಕೆಳಗಿನವರು, ಶುರುಮಾಡಿ ವಿಘ್ನ ಬಂದಾಗ ನಿಲ್ಲಿಸುವವರು ನಡುವಿನವರು, ಮತ್ತೆಮತ್ತೆ ಅಡ್ಡಿ ಬಂದರೂ ಬಿಡದವರು ಮೇಲಿನವರು. ಗೀತೆಯ ಎರಡನೆಯ ಅಧ್ಯಾಯದ 40ನೆಯ ಶ್ಲೋಕದ ದನಿ ಬೇರೆ: ಈ ದಾರಿಯಲ್ಲಿ ಆರಂಭಿಸಿದ ಯತ್ನ ವ್ಯರ್ಥವಾಗುವುದಿಲ್ಲ, ಸ್ವಲ್ಪವೇ ಆದರೂ ಅದು ಕಾಯುತ್ತದೆ. ಭರ್ತೃಹರಿ ಅರ್ಧ ಹೊಲಿದವಳನ್ನು ಚುಚ್ಚುತ್ತಾನೆ, ಗೀತೆ ಸಮಾಧಾನ ಹೇಳುತ್ತದೆ. ಆದರೆ ಗೀತೆಯ ಮಾತು ಸಾಧಕನ ಒಳಗಿನ ಯತ್ನವನ್ನು ಕುರಿತದ್ದು. ಅರ್ಧ ಧ್ಯಾನದಿಂದ ಮನಸ್ಸಿಗೆ ಅಷ್ಟಿಷ್ಟು ನೆಮ್ಮದಿ ಸಿಕ್ಕೀತು. ಅರ್ಧ ಕೌದಿಯಿಂದ ಯಾರ ಚಳಿಯೂ ಹೋಗದು. ಕೌದಿಯ ಫಲ ಹೊಲಿಯುವವಳ ಒಳಗಿಲ್ಲ, ಹೊದೆಯುವವರ ಮೈಮೇಲಿದೆ. ಎರಡೂ ಗ್ರಂಥಗಳು ಕೆಲಸ ಮಾಡುವವನತ್ತ ನೋಡುತ್ತವೆ. ಕೆಲಸಕ್ಕಾಗಿ ಕಾದಿರುವವರು ಅವುಗಳ ಲೆಕ್ಕಕ್ಕೆ ಬಂದಿಲ್ಲ.

ಆ ಕೊರತೆಯನ್ನು ತುಂಬುವುದು ಹೊಲಿಯುವವರ ಆಚರಣೆ. ಉತ್ತರ ಕರ್ನಾಟಕದ ಹಲವು ಮನೆಗಳಲ್ಲಿ ಕೌದಿಯನ್ನು ಪೂರ್ತಿ ಮುಚ್ಚುವ ಮೊದಲು ಸಣ್ಣದೊಂದು ಜಾಗ ಬಿಟ್ಟಿರುತ್ತಾರೆ. ಆ ದಿನ ಸಿಹಿ ಅಡುಗೆ ಮಾಡಿ, ರೊಟ್ಟಿಯದೋ ಹೋಳಿಗೆಯದೋ ಚೂರನ್ನು ಅದರೊಳಗೆ ಇಟ್ಟು ಹೊಲಿಯುತ್ತಾರೆ. ಇದು ಕೌದಿಯ ಹೊಟ್ಟೆ ತುಂಬಿಸುವುದು. ಕೌದಿ ಹಸಿದಿರಬಾರದು, ಅದನ್ನು ಹೊದ್ದವರೂ ಹಸಿದಿರಬಾರದು ಎಂಬುದು ಒಳ ಅರ್ಥ. ಜೊತೆಗೆ ಹೊಲಿದ ಹೆಂಗಸರಿಗೆಲ್ಲ ಅಂದು ಊಟ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡು ತಾಲ್ಲೂಕುಗಳ ಸಿದ್ದಿ ಹೆಂಗಸರು ಕೌದಿಯನ್ನು ಅಂಚಿನಿಂದ ಶುರುಮಾಡಿ ಸುತ್ತು ಸುತ್ತಾಗಿ ನಡುವಿಗೆ ಬರುತ್ತಾರೆ. ನಾಲ್ಕು ಮೂಲೆಗಳಿಗೆ ಬಟ್ಟೆಯನ್ನು ತ್ರಿಕೋನವಾಗಿ ಮಡಚಿ ‘ಫುಲಾ’ ಹೊಲಿಯುತ್ತಾರೆ. ಫುಲಾ ಎಂದರೆ ಹೂವು. ಅದಿಲ್ಲದ ಕೌದಿ ಬೆತ್ತಲೆ ಎಂಬುದು ಅವರ ಎಣಿಕೆ. ಬೆಚ್ಚಗಿಡುವ ಕೆಲಸಕ್ಕೆ ಹೂವೂ ಬೇಕಿಲ್ಲ, ಹೋಳಿಗೆಯ ಚೂರೂ ಬೇಕಿಲ್ಲ. ಆದರೂ ಅವು ಇರುವುದು ಕೌದಿ ಇಲ್ಲಿಗೆ ಮುಗಿಯಿತು, ಇನ್ನು ಇದು ನಮ್ಮದಲ್ಲ ಎಂದು ಎಲ್ಲರೆದುರು ಸಾರಲು. ವ್ರತ ಹಿಡಿದವರಿಗೆ ಉದ್ಯಾಪನೆ ಹೇಗೋ ಕೌದಿಗೆ ಇದು ಹಾಗೆ. ಮೀಮಾಂಸಕರು ಲೌಕಿಕದ ಕಡೆಗೆ ತಳ್ಳಿದ ಕೆಲಸವನ್ನು ಈ ಹೆಂಗಸರು ಯಾವ ಶಾಸ್ತ್ರವನ್ನೂ ಕೇಳದೆ ವ್ರತದ ಪಕ್ಕ ಕೂರಿಸಿದ್ದಾರೆ.

ತುಂಡುಬಟ್ಟೆಗೂ ಧರ್ಮಕ್ಕೂ ನಂಟು ಹಳೆಯದು. ಸನ್ಯಾಸಿಯ ತೇಪೆಯ ಉಡುಪಿಗೆ ಕಂಥೆ ಎಂಬ ಹೆಸರಿದೆ; ಬೀದಿಯ ಚಿಂದಿಯಿಂದ ಹೊಲಿದ ಕಂಥೆಯನ್ನು ತೊಟ್ಟ ಯೋಗಿ ಭಜಗೋವಿಂದಂನಲ್ಲಿಯೂ ಬರುತ್ತಾನೆ. ಹುಬ್ಬಳ್ಳಿಯ ಸಿದ್ಧಾರೂಢ ಮಠದಲ್ಲಿ ಕೌದಿಗೇ ಪೂಜೆ ಸಲ್ಲುತ್ತದೆ. ಬೌದ್ಧ ಭಿಕ್ಷುಗಳ ಚೀವರವೂ ತುಂಡುಗಳನ್ನು ಜೋಡಿಸಿ ಹೊಲಿದದ್ದೇ. ಮಗಧದ ಬದುಗಳುಳ್ಳ ಗದ್ದೆಗಳನ್ನು ತೋರಿಸಿ, ಆ ಮಾದರಿಯಲ್ಲಿ ಚೀವರವನ್ನು ರೂಪಿಸುವಂತೆ ಬುದ್ಧ ಆನಂದನಿಗೆ ಹೇಳಿದ ಪ್ರಸಂಗ ವಿನಯಪಿಟಕದ ಮಹಾವಗ್ಗದಲ್ಲಿದೆ. ಮಳೆಗಾಲದ ಮೂರು ತಿಂಗಳು ಭಿಕ್ಷುಗಳು ಒಂದೇ ಕಡೆ ನಿಲ್ಲುತ್ತಾರೆ. ವರ್ಷಾವಾಸ ಮುಗಿದ ಮೇಲೆ ಬರುವ ಕಠಿನ ವಿಧಿಯಲ್ಲಿ ಸಂಘಕ್ಕೆ ಬಂದ ಬಟ್ಟೆಯನ್ನು ಅಳೆದು, ಕತ್ತರಿಸಿ, ಹೊಲಿದು, ಬಣ್ಣ ಹಾಕಿ ಅದೇ ದಿನ ಚೀವರವಾಗಿಸಬೇಕು. ಒಬ್ಬನಿಂದ ಆಗದ ಕೆಲಸವನ್ನು ಒಂದು ದಿನದ ಗಡುವು ಸಂಘದ ಕೆಲಸವಾಗಿಸುತ್ತದೆ.

ಧಮ್ಮಪದದ ವ್ಯಾಖ್ಯಾನವಾದ ಅಟ್ಠಕಥೆಯಲ್ಲಿ ಬುದ್ಧನ ಶಿಷ್ಯ ಅನುರುದ್ಧನ ಚೀವರದ ಕಥೆ ಇದೆ. ಅವನಿಗಾಗಿ ಚೀವರ ಹೊಲಿಯಲು ಹಿರಿಯ ಭಿಕ್ಷುಗಳೆಲ್ಲ ಕೂಡುತ್ತಾರೆ. ಬಟ್ಟೆಯ ಬುಡದಲ್ಲಿ ಮಹಾಕಸ್ಸಪ, ನಡುವೆ ಸಾರಿಪುತ್ತ, ತುದಿಯಲ್ಲಿ ಆನಂದ ಕೂರುತ್ತಾರೆ. ಉಳಿದವರು ನೂಲು ತೆಗೆಯುತ್ತಾರೆ, ಮೊಗ್ಗಲ್ಲಾನ ಬೇಕಾದ್ದನ್ನು ತಂದುಕೊಡುತ್ತ ಓಡಾಡುತ್ತಾನೆ. ಸೂಜಿಗೆ ದಾರ ಪೋಣಿಸಿಕೊಡುವವನು ಬುದ್ಧ. ಇವರಲ್ಲಿ ಸಾಧನೆ ಮುಗಿದಿದ್ದವರಿಗೆ ಈ ಹೊಲಿಗೆಯಿಂದ ದಕ್ಕಬೇಕಾದದ್ದು ಏನೂ ಇಲ್ಲ. ಆದರೂ ಅವರು ಕೂತದ್ದು ಒಬ್ಬನಿಗೆ ಬಟ್ಟೆ ಬೇಕಿತ್ತು ಎಂಬ ಕಾರಣಕ್ಕೆ. ಮುಗಿಸುವ ಧರ್ಮ ಮಾಡುವವನ ಪುಣ್ಯದಲ್ಲಿ ಅಲ್ಲ, ಪಡೆಯುವವನ ಅಗತ್ಯದಲ್ಲಿದೆ ಎಂಬುದಕ್ಕೆ ಈ ಕಥೆ ಸಾಕ್ಷಿ.

12ನೆಯ ಶತಮಾನದ ಶರಣರು ಇದನ್ನೇ ಕಾಯಕ ಮತ್ತು ದಾಸೋಹ ಎಂಬ ಜೋಡಿಯಲ್ಲಿ ಕಂಡರು. ವಚನಕಾರರಲ್ಲಿ ಸೂಜಿಕಾಯಕದ ರಾಮಿತಂದೆ ಎಂಬುವನಿದ್ದ. ಅವನ ಹೆಸರಿನಲ್ಲೇ ಸೂಜಿ ಇದೆ. ಕಾಯಕ ದುಡಿಮೆಯಾದರೆ ದಾಸೋಹ ಅದರ ಫಲವನ್ನು ಸಮುದಾಯಕ್ಕೆ ಸಲ್ಲಿಸುವುದು. ಒಂದಿಲ್ಲದೆ ಇನ್ನೊಂದು ಕುಂಟುತ್ತದೆ. ಈ ಅಳತೆಯಲ್ಲಿ ಟ್ರಂಕಿನ ಕೌದಿ ದಾಸೋಹ ಸೇರದ ಕಾಯಕ. ಹೊಲಿಗೆಯಲ್ಲಿ ದೋಷವಿಲ್ಲದಿರಬಹುದು, ಆದರೆ ಅದು ಇನ್ನೂ ಯಾರಿಗೂ ಸಂದಿಲ್ಲ.

ಇಲ್ಲಿ ಪೂರ್ಣತೆಯನ್ನೂ ಮುಗಿತಾಯವನ್ನೂ ಬೇರೆಮಾಡಿ ನೋಡಬೇಕು. ಹೊಂಗಡಹಳ್ಳ ಇರುವ ಹಾಸನ ಜಿಲ್ಲೆಯಲ್ಲೇ ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯವಿದೆ. ಅದು ಇಂದು ಶಿಖರವಿಲ್ಲದೆ ನಿಂತಿದೆ, ಕೆತ್ತನೆಯ ಕೆಲವು ಭಾಗಗಳು ಪೂರ್ತಿಯಾಗಿಲ್ಲ. ಆದರೂ ಅದು ಕೆಡಲಿಲ್ಲ. ಬಂದವರೆಲ್ಲರ ಕಣ್ಣಿಗೂ ಅದು ಸಂದಿದೆ. ಪೂಜೆಯ ಕೊನೆಗೆ ಮಂತ್ರದಲ್ಲಿ, ಕ್ರಿಯೆಯಲ್ಲಿ, ಭಕ್ತಿಯಲ್ಲಿ ಉಳಿದ ಲೋಪವನ್ನು ಒಪ್ಪಿ ಕ್ಷಮೆ ಕೇಳುವ ವಾಡಿಕೆಯೂ ಇದನ್ನೇ ಹೇಳುತ್ತದೆ: ಕೊರತೆ ಉಳಿದರೂ ಪೂಜೆ ಮುಗಿಯುತ್ತದೆ. ಅರ್ಧಕ್ಕೆ ನಿಲ್ಲುವ ಕೌದಿಗಳಲ್ಲಿ ಹಲವು ನಿಲ್ಲುವುದು ಸೊಟ್ಟ ಸಾಲಿನ ನಾಚಿಕೆಯಿಂದ, ಒಪ್ಪುವ ಬಣ್ಣದ ತುಂಡು ಸಿಗಲಿಲ್ಲ ಎಂಬ ನೆಪದಿಂದ. ಗೆಳತಿಯರು ಸುತ್ತ ಕೂತಾಗ ಈ ನಾಚಿಕೆ ತಾನಾಗಿ ಕರಗುತ್ತದೆ. ನಾಲ್ಕು ಕೈಗಳ ಹೊಲಿಗೆ ನಾಲ್ಕು ಬಗೆಯಾಗಿರುತ್ತದೆ, ಯಾರ ಸಾಲು ಸೊಟ್ಟಗಾಯಿತೆಂದು ಕೊನೆಗೆ ಯಾರಿಗೂ ತಿಳಿಯುವುದಿಲ್ಲ. ಮಾತು, ನಗು, ಹಾಡಿನ ನಡುವೆ ಬೆರಳಿನ ನೋವೂ ಮರೆತುಹೋಗುತ್ತದೆ. ಆ ಸಂತೋಷ ಧರ್ಮಕ್ಕೆ ಹೊರತಾದ ಮೋಜಲ್ಲ. ಒಬ್ಬರ ಮೇಲಿದ್ದ ಹೊರೆ ಹಲವರದಾದಾಗ ಹುಟ್ಟುವ ಹಗುರವೇ ಅದು.

ಕೊನೆಗೆ ಉಳಿಯುವ ಕಷ್ಟದ ಪ್ರಶ್ನೆ, ಯಾರಿಗಾಗಿ ಶುರುವಾಯಿತೋ ಅವರೇ ಇಲ್ಲದ ಕೌದಿಯದು. ಕೂಸಿಗೆಂದು ಹಾಸಿದ ಬಟ್ಟೆ ಕೂಸು ಕಾಲೇಜಿಗೆ ಹೋಗುವವರೆಗೂ ಉಳಿದಿರಬಹುದು. ಅಜ್ಜಿ ಶುರುಮಾಡಿದ್ದು ಅಜ್ಜಿಯ ನಂತರ ಕೈಗೆ ಸಿಗಬಹುದು. ಕೌದಿಯ ಒಂದೊಂದು ತುಂಡೂ ಯಾರೋ ಉಟ್ಟದ್ದು, ಆದ್ದರಿಂದ ಅದರಲ್ಲಿ ಋಣವಿದೆ. ಆದರೆ ಋಣ ತೀರಿಸುವ ದಾರಿ ಒಂದೇ ಅಲ್ಲ. ವ್ರತಕ್ಕೆ ಉದ್ಯಾಪನೆ ಇರುವಂತೆ ಮೂರ್ತಿಗೆ ವಿಸರ್ಜನೆಯೂ ಇದೆ, ಎರಡೂ ಶಾಸ್ತ್ರಸಮ್ಮತವಾದ ಮುಗಿತಾಯಗಳೇ. ಗಟ್ಟಿಯಿರುವ ಕೌದಿಯನ್ನು ಗೆಳತಿಯರ ಜೊತೆ ಕೂತು ಮುಗಿಸಿ, ಇಂದು ಚಳಿಯಲ್ಲಿರುವ ಯಾರಿಗಾದರೂ ಕೊಟ್ಟರೆ ಅದು ಉದ್ಯಾಪನೆ. ಬೂಷ್ಟು ಹಿಡಿದು ಕೆಲಸಕ್ಕೆ ಬಾರದಂತಾದದ್ದನ್ನು ಬಿಚ್ಚಿ, ಉಳಿದ ಒಳ್ಳೆಯ ತುಂಡುಗಳನ್ನು ಇನ್ನೊಬ್ಬರ ಕೌದಿಗೆ ಸೇರಿಸಿದರೆ ಅದು ವಿಸರ್ಜನೆ. ಈ ಎರಡರಲ್ಲಿ ಯಾವುದನ್ನು ಮಾಡಿದರೂ ಋಣ ಸಲ್ಲುತ್ತದೆ. ಮಡಚಿ ತಳದಲ್ಲಿಟ್ಟು ಮರೆತದ್ದು ಮಾತ್ರ ಉಳಿದೂ ಉಳಿಯುವುದಿಲ್ಲ, ಹೋಗಿಯೂ ಹೋಗುವುದಿಲ್ಲ; ಅದರ ಹೊಟ್ಟೆ ಹಸಿದೇ ಇರುತ್ತದೆ.