ಶುಶ್ರೂಷೆಯ ಕಾಯಕ



ಎಮ್ಮೆದೊಡ್ಡಿಯಿಂದ ರೋಗಿಯನ್ನು ಕಡೂರಿಗೋ ಚಿಕ್ಕಮಗಳೂರಿಗೋ ಒಯ್ದು ಆಸ್ಪತ್ರೆಗೆ ಸೇರಿಸಿದಾಗ, ಇರುಳೆಲ್ಲ ಎಚ್ಚರವಿದ್ದು, ಹೇಸದೆ ಅವನನ್ನು ಶುಚಿಗೊಳಿಸಿ ಉಪಚರಿಸುವವರು ದಾದಿಯರು. ಇದು ಕಾಯಕವಲ್ಲದೆ ಮತ್ತೇನು? ಆದರೆ ಖಾಸಗಿ ಆಸ್ಪತ್ರೆಯ ದಾದಿಯರು ಸಂಘ ಕಟ್ಟಿ, ವೇತನದ ಹೊಸ ಕರಾರಿಗಾಗಿ ಆಡಳಿತದವರೊಡನೆ ಮಾತಿಗೆ ಕುಳಿತರೆ, ಸೇವೆ ಮಾಡುವವರಿಗೆ ಹಣದಾಸೆ ಏಕೆಂದು ಕೆಲವರು ಕೇಳುವರು. ಆಯ್ದಕ್ಕಿ ಲಕ್ಕಮ್ಮನ ಹೆಸರನ್ನೂ ಎತ್ತುವರು.

ಪತಿ ಮಾರಯ್ಯನು ನಿತ್ಯಕ್ಕಿಂತ ಹೆಚ್ಚಾಗಿ ತಂದ ಅಕ್ಕಿಯನ್ನು ಮರಳಿಸಿ ಬರುವಂತೆ ಆ ತಾಯಿ ಹೇಳಿದ್ದು ನಿಜ. ಆಕೆ ಬೇಡವೆಂದದ್ದು ಮಿಕ್ಕುದನ್ನು, ದುಡಿದುದನ್ನಲ್ಲ. ಹೆಚ್ಚು ಕೊಳ್ಳುವುದು ಆಸೆಯಾದರೆ, ದುಡಿದವರಿಗೆ ಕಡಿಮೆ ಕೊಟ್ಟು ಉಳಿಸಿಕೊಳ್ಳುವುದೂ ಆಸೆಯೇ. ಆ ಅಕ್ಕಿಯೂ ಮರಳಬೇಕು.

ನ್ಯಾಯವಾದ ವೇತನವೆಷ್ಟು? ಸುಪ್ರೀಂ ಕೋರ್ಟಿನ ಆದೇಶದಂತೆ 2016ರಲ್ಲಿ ಕೇಂದ್ರವು ರಚಿಸಿದ ಸಮಿತಿಯು, 50ಕ್ಕಿಂತ ಕಡಿಮೆ ಹಾಸಿಗೆಗಳ ಖಾಸಗಿ ಆಸ್ಪತ್ರೆಯಲ್ಲಿಯೂ ತಿಂಗಳ ಸಂಬಳ 20,000 ರೂಪಾಯಿಗೆ ಕಡಿಮೆಯಿರಬಾರದೆಂದೂ, 200ಕ್ಕಿಂತ ಹೆಚ್ಚು ಹಾಸಿಗೆಗಳಿದ್ದಲ್ಲಿ ಸರ್ಕಾರಿ ದಾದಿಯರಿಗೆ ಸಮನಾಗಿರಬೇಕೆಂದೂ ಶಿಫಾರಸು ಮಾಡಿತು. ಶಿಫಾರಸು ಕೈಗೆ ಬಂದ ಕೂಲಿಯಲ್ಲ. ಆದುದರಿಂದಲೇ ಮಾತುಕತೆ ಬೇಕಾಗುತ್ತದೆ.

ಕಲ್ಯಾಣದ ಅನುಭವ ಮಂಟಪದಲ್ಲಿ ಅರಸನ ಮಂತ್ರಿಯೂ ಅಕ್ಕಿ ಆಯುವವನೂ ಸರಿಸಮನಾಗಿ ಕುಳಿತರು. ಕರಾರಿನ ಮಾತೂ ಹಾಗೆಯೇ ನಡೆಯಲಿ. ಆಡಳಿತದವರು ಲೆಕ್ಕದ ಪುಸ್ತಕವನ್ನು ತೆರೆದಿಡಲಿ. ದಾದಿಯರು ಜೀವಾಪಾಯದಲ್ಲಿರುವ ರೋಗಿಯ ಕೈ ಬಿಡದಿರಲಿ.

ನಮ್ಮಲ್ಲಿ ಆಸ್ಪತ್ರೆ ನಡೆಸುವವರೂ ಉಂಟು, ದಾದಿಯರ ತಂದೆತಾಯಿಗಳೂ ಉಂಟು. ದಾಸೋಹಕ್ಕೆ ಕೈ ನೀಡುವ ಮುನ್ನ ದುಡಿದವರ ಬಾಕಿಯನ್ನು ತೀರಿಸಿರಿ. ಹಿಡಿದಿಟ್ಟ ಕೂಲಿಯಿಂದ ಮಾಡಿದ ದಾಸೋಹವು ಲಿಂಗಕ್ಕೆ ಸಲ್ಲದು.