ದೊಡ್ಡಿಯ ಬಾಗಿಲು ತೆರೆಯುವ ಹೊತ್ತು

ಕಡೂರು ತಾಲ್ಲೂಕಿನ ಎಮ್ಮೆದೊಡ್ಡಿಯ ಹೆಸರಿನಲ್ಲೇ ಒಂದು ದಿನಚರಿ ಅಡಗಿದೆ. ದೊಡ್ಡಿಯೆಂದರೆ ದನ ಕೂಡುವ ಜಾಗ. ರಾತ್ರಿ ಕೂಡಿದ್ದನ್ನು ಬೆಳಗಾದರೆ ಬಿಡಲೇಬೇಕು. ದನ ಬಿಡಲು ಇವತ್ತು ಪುರುಸೊತ್ತಿಲ್ಲ ಎಂದು ಯಾವ ಮನೆಯೂ ಹೇಳದು. ಅಂಥ ಮನೆಯಿಂದಲೇ ಕಡೂರಿನ ಕಚೇರಿಗೋ ತರೀಕೆರೆಯ ಬ್ಯಾಂಕಿಗೋ ಹೋಗುವವರು, ವೈದ್ಯರು ‘ನಡೆಯಿರಿ’ ಎಂದೊಡನೆ ಹೇಳುವುದು ಪುರುಸೊತ್ತಿಲ್ಲ ಎಂಬ ಮಾತನ್ನೇ. ಇದನ್ನು ಸೋಮಾರಿತನವೆಂದು ಬೈದು ಮುಗಿಸಬಹುದು. ಆದರೆ ತೊಡಕಿರುವುದು ನಡಿಗೆಯನ್ನು ನಾವು ಯಾವ ಬಗೆಯ ಕರ್ಮವೆಂದು ಎಣಿಸಿದ್ದೇವೆ ಎಂಬಲ್ಲಿ.

ವೇದದ ಕರ್ಮವಿಧಿಗಳನ್ನು ವಿಚಾರಿಸಿದ ಮೀಮಾಂಸಕರು ನಿತ್ಯಕರ್ಮವನ್ನೂ ಕಾಮ್ಯಕರ್ಮವನ್ನೂ ಬೇರೆಬೇರೆಯಾಗಿ ಇಟ್ಟರು. ಮಳೆ ಬೇಕು, ಮಗು ಬೇಕು ಎಂದು ಫಲ ಬಯಸಿ ಮಾಡುವುದು ಕಾಮ್ಯ. ಬಯಕೆ ತೀರಿದರೆ ಅದೂ ತೀರಿತು. ಸಂಧ್ಯಾವಂದನೆಯಂಥ ನಿತ್ಯಕರ್ಮಕ್ಕೆ ಬಯಕೆಯ ಹಂಗಿಲ್ಲ, ಹೊತ್ತು ಬಂದರೆ ಮಾಡಬೇಕು. ನಾವು ವ್ಯಾಯಾಮವನ್ನು ಕಾಮ್ಯದ ಸಾಲಿಗೆ ಸೇರಿಸಿದ್ದೇವೆ. ಸಕ್ಕರೆ ಇಳಿಯಲಿ, ಹೊಟ್ಟೆ ಕರಗಲಿ ಎಂದು ಹೊರಡುತ್ತೇವೆ. ತಿಂಗಳಾದರೂ ತೂಕದ ಮುಳ್ಳು ಕದಲದಿದ್ದರೆ ಚಪ್ಪಲಿ ಮತ್ತೆ ಮೂಲೆ ಸೇರುತ್ತದೆ. ಪುರುಸೊತ್ತು ಇಲ್ಲವಾಗುವುದು ಆಮೇಲೆ.

ಹೊತ್ತಿಗೆ ನಿಜವಾಗಿ ಬರವಿದೆಯೇ? ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವ ಕನಿಷ್ಠ ಲೆಕ್ಕ ವಾರಕ್ಕೆ 150 ನಿಮಿಷದ ಸಾಧಾರಣ ಶ್ರಮ, ಅಂದರೆ ದಿನಕ್ಕೆ 22 ನಿಮಿಷದೊಳಗೆ. ಲಂಡನ್ನಿನ ಡಿಸೆಂಬರಿನಲ್ಲಿ ಹಗಲೇ ಸುಮಾರು 8 ಗಂಟೆ. ಅಲ್ಲಿಯ ನೌಕರ ಬೆಳಕಿಲ್ಲ ಎಂದರೆ ಒಪ್ಪಬಹುದು. ನಮ್ಮ ಸೀಮೆಯಲ್ಲಿ ಚಳಿಗಾಲದ ಹಗಲೂ 11 ಗಂಟೆ ದಾಟುತ್ತದೆ, ಸೂರ್ಯ 7ರೊಳಗೆ ಮೂಡುತ್ತಾನೆ, ಸರ್ಕಾರಿ ಕಚೇರಿ ಶುರುವಾಗುವುದು 10ಕ್ಕೆ. ಇನ್ನು, ಹೊತ್ತನ್ನು ಕಟ್ಟಳೆಯಾಗಿ ಒಪ್ಪಿಕೊಂಡವರನ್ನು ನೋಡಿ. ಮಧ್ಯಾಹ್ನದ ನಮಾಜು ಕೆಲಸದ ನಟ್ಟನಡುವೆ ಬರುತ್ತದೆ. ಸೂರ್ಯಾಸ್ತಕ್ಕೆ ಮುಂಚೆ ಉಣ್ಣುವ ಜೈನರ ನೇಮ ಸಂಜೆಯ ವ್ಯಾಪಾರವನ್ನೇ ತಡೆಯುತ್ತದೆ. ಇವರು ಬಿಡುವು ಹುಡುಕುವುದಿಲ್ಲ, ಉಳಿದ ಕೆಲಸವನ್ನು ನೇಮದ ಸುತ್ತ ಹೊಂದಿಸುತ್ತಾರೆ.

ನಡಿಗೆಯನ್ನೂ ಹೀಗೆ ನಿತ್ಯದ ನೇಮವಾಗಿಸಿ ದೇಹವನ್ನು ಇಷ್ಟು ಉಪಚರಿಸುವುದು ದೇಹಾಭಿಮಾನವಲ್ಲವೇ ಎಂದು ವೈರಾಗ್ಯದ ಕಡೆಯವರು ಕೇಳಬಹುದು. ಕನ್ನಡಿಯ ಮುಂದೆ ತೋಳು ಉಬ್ಬಿಸುವುದಕ್ಕೆ ಆ ಮಾತು ಸಲ್ಲುತ್ತದೆ. ಆದರೆ ಗೀತೆಯ ಆರನೇ ಅಧ್ಯಾಯ ಯೋಗಿಗೂ ಹಿತಮಿತವಾದ ಆಹಾರದ ಜೊತೆ ಹಿತಮಿತವಾದ ವಿಹಾರವನ್ನು ಹೇಳುತ್ತದೆ. ದೇಹವನ್ನೇ ದೇಗುಲವೆಂದ ಶರಣರು ಅದನ್ನು ಗುಡಿಸದೆ ಬಿಡಿ ಎನ್ನಲಿಲ್ಲ. ದುಡಿಮೆಯೇ ಕಾಯಕ, ಬೇರೆ ವ್ಯಾಯಾಮವೇಕೆ ಎಂಬ ಮಾತು ಅಡಿಕೆ ತೋಟದಲ್ಲಿ ಬೆವರುವವರಿಗೆ ಒಪ್ಪುತ್ತದೆ. ಕುರ್ಚಿಯಲ್ಲಿ ಕೂತು ಕಾಯ ಅಲುಗಿಸದವರು ಅದರ ಹಿಂದೆ ಅಡಗಲಾಗದು.

ಗಟ್ಟಿ ಆಕ್ಷೇಪ ಇನ್ನೊಂದಿದೆ. ಕಚೇರಿ ಮುಗಿಸಿ ಒಲೆಯ ಮುಂದೆ ನಿಲ್ಲುವ ಹೆಂಗಸಿಗೆ ನಿತ್ಯದ ಮಾತು ಮತ್ತೊಂದು ಹೊರೆಯಲ್ಲವೇ? ಮನೆಗೆಲಸ ಹಂಚಿಕೊಳ್ಳದೆ ಅವಳಿಗೆ ಉಪದೇಶ ಹೇಳುವ ಹಕ್ಕು ಯಾರಿಗೂ ಇಲ್ಲ. ಆದರೆ ಇಲ್ಲೂ ಮೀಮಾಂಸೆ ಕೈಬಿಡುವುದಿಲ್ಲ. ಕಾಮ್ಯದಲ್ಲಿ ಒಂದು ಅಂಗ ತಪ್ಪಿದರೂ ಫಲವಿಲ್ಲ. ನಿತ್ಯವನ್ನು ಶಕ್ತಿ ಇದ್ದಷ್ಟು ಮಾಡಿದರೂ ಸಂದಿತು. ಆಯುರ್ವೇದದ ವಾಗ್ಭಟನೂ ವ್ಯಾಯಾಮಕ್ಕೆ ಅರ್ಧ ಶಕ್ತಿ ಸಾಕೆಂದ. ಬಸ್ ನಿಲ್ದಾಣದವರೆಗೆ ಹತ್ತು ನಿಮಿಷ ನಡೆದರೆ ಆ ದಿನದ ನೇಮ ಮುರಿಯಲಿಲ್ಲ. ಮಳೆ ಹಿಡಿದ ದಿನ ದನವೂ ದೂರ ಹೋಗದು, ಬಾಗಿಲನ್ನಂತೂ ತೆರೆಯುತ್ತಾರೆ.